ತೆರೆಯದ ಪುಟ, ತಲುಪದ ಮಾತು

ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದ ಬೆಟ್ಟಗಳಲ್ಲಿ. ಆಕೆಯ ನೀರು ಆಲಮಟ್ಟಿಯಲ್ಲಿ ನಿಂತು ವಿಜಯಪುರ ಜಿಲ್ಲೆಯ ಹೊಲಗಳಿಗೆ ಹರಿಯುತ್ತದೆ. ಆದ್ದರಿಂದ ಘಟ್ಟದ ಕಾಡು ಉಳಿಯಿತೇ ಅಳಿಯಿತೇ ಎಂಬ ಸುದ್ದಿ ಮಲೆನಾಡಿನವರಿಗೆ ಎಷ್ಟು ಮುಖ್ಯವೋ, ದೂರದ ದೇವರ ಹಿಪ್ಪರಗಿಯ ಎರೆಭೂಮಿಯಲ್ಲಿ ಜೋಳ ಬಿತ್ತುವವರಿಗೂ ಅಲ್ಲಿನ ವಿದ್ಯಾರ್ಥಿಗಳಿಗೂ ಅಷ್ಟೇ ಮುಖ್ಯ. ಈ ಸುದ್ದಿಯನ್ನು ಎಲ್ಲರಿಗೂ ಮುಟ್ಟಿಸಲೆಂದೇ ಪರಿಸರ ಸಂಘಟನೆಗಳು ಜಾಲತಾಣಗಳನ್ನು ಕಟ್ಟಿಕೊಂಡವು. ಆದರೆ ಅವುಗಳಲ್ಲಿ ಹಲವು ಹಳ್ಳಿಯ ಮೊಬೈಲಿನಲ್ಲಿ ತೆರೆದುಕೊಳ್ಳುವುದೇ ಇಲ್ಲ. ಜಲಪಾತ, ಸಿಂಗಳೀಕ, ಶೋಲಾ ಕಾಡುಗಳ ಚಿತ್ರಗಳ ಭಾರಕ್ಕೆ ಪುಟವೇ ಕುಸಿದು ಕೂರುತ್ತದೆ.

ಲೆಕ್ಕ ಸರಳವಾದದ್ದು. ಇಂದಿನ ಸಾಮಾನ್ಯ ಮೊಬೈಲಿನಲ್ಲಿ ತೆಗೆದ ಛಾಯಾಚಿತ್ರ 4000 ಪಿಕ್ಸೆಲ್ ಅಗಲವಿದ್ದು ಸುಮಾರು 4 ಮೆಗಾಬೈಟ್ ತೂಗುತ್ತದೆ. ಇಂಥ 20 ಚಿತ್ರಗಳ ಪುಟಕ್ಕೆ 80 ಮೆಗಾಬೈಟ್. ಸೆಕೆಂಡಿಗೆ 1 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಅದು ಇಳಿದು ಬರಲು ಹತ್ತು ನಿಮಿಷಕ್ಕೂ ಮೀರಿದ ಸಮಯ ಬೇಕು. ಸಂಕೇತ ಹುಡುಕಿಕೊಂಡು ಗುಡ್ಡದ ನೆತ್ತಿಗೆ ಹೋಗಿ ನಿಲ್ಲುವವರು ಅಷ್ಟು ಹೊತ್ತು ಕಾಯುವುದಿಲ್ಲ. ಕಾದರೂ ಅವರ ದಿನದ ಡೇಟಾದಲ್ಲಿ ಒಂದು ಪಾಲು ಖರ್ಚಾಗುತ್ತದೆ. ಇದಕ್ಕೆ ಪ್ರತಿಯಾಗಿ ಈ ಸಂಪಾದಕೀಯದಷ್ಟು ಉದ್ದದ ಕನ್ನಡ ಬರಹ 20 ಕಿಲೋಬೈಟ್ ದಾಟುವುದಿಲ್ಲ. ಒಂದು ಚಿತ್ರದ ತೂಕದಲ್ಲಿ ಇಂಥ 200 ಬರಹಗಳನ್ನು ಕಳುಹಿಸಬಹುದು.

ಹಾಗೆಂದು ಚಿತ್ರಗಳನ್ನು ಕೈಬಿಡಬೇಕಾಗಿಲ್ಲ. ಕಡಿದ ಮರ, ಕುಸಿದ ಗುಡ್ಡ, ಬತ್ತಿದ ಹೊಳೆ ಇವುಗಳಿಗೆ ಚಿತ್ರವೇ ಸಾಕ್ಷಿ. ಆದರೆ ಕಣದಲ್ಲಿ ರಾಶಿ ಮಾಡುವ ರೈತ ಹೊಟ್ಟನ್ನು ತೂರಿ ಕಾಳನ್ನಷ್ಟೇ ಮನೆಗೆ ಒಯ್ಯುವಂತೆ, ಚಿತ್ರದಲ್ಲೂ ಓದುಗರಿಗೆ ಬೇಕಾದಷ್ಟನ್ನೇ ಕಳುಹಿಸುವುದು ವಿವೇಕ. ಅಗ್ಗದ ಮೊಬೈಲಿನ ಪರದೆ ಸುಮಾರು 720 ಪಿಕ್ಸೆಲ್ ಅಗಲದ್ದು. ಚಿತ್ರವನ್ನು 800 ಪಿಕ್ಸೆಲ್‌ಗೆ ಇಳಿಸಿ, ಜೆಪೆಗ್ ಗುಣಮಟ್ಟವನ್ನು 70ರ ಆಸುಪಾಸಿನಲ್ಲಿಟ್ಟು ಉಳಿಸಿದರೆ ತೂಕ ಸುಮಾರು 100ರಿಂದ 150 ಕಿಲೋಬೈಟ್‌ಗೆ ಇಳಿಯುತ್ತದೆ. ಪರದೆಯ ಮೇಲೆ ಕಣ್ಣಿಗೆ ವ್ಯತ್ಯಾಸ ಕಾಣುವುದು ಕಡಿಮೆ. 2010ರಲ್ಲಿ ಗೂಗಲ್ ಹೊರತಂದ ವೆಬ್‌ಪಿ ರೂಪ ಬಳಸಿದರೆ ಇನ್ನೂ ಕಾಲು ಭಾಗದಷ್ಟು ಹಗುರವಾಗುತ್ತದೆ.

ಇಲ್ಲೊಂದು ಸಾಮಾನ್ಯ ತಪ್ಪು ನಡೆಯುತ್ತದೆ. ಪುಟದಲ್ಲಿ ಚಿತ್ರ ಚಿಕ್ಕದಾಗಿ ಕಾಣುವಂತೆ ಅಳತೆ ಕೊಟ್ಟಮಾತ್ರಕ್ಕೆ ಭಾರ ತಗ್ಗುವುದಿಲ್ಲ. ಮೂಲ ಕಡತ ಪೂರ್ತಿಯಾಗಿಯೇ ಇಳಿದು ಬರುತ್ತದೆ. ಆದ್ದರಿಂದ ಪುಟಕ್ಕೆ ಏರಿಸುವ ಮುನ್ನವೇ ಕಡತವನ್ನು ಕಿರಿದುಗೊಳಿಸಬೇಕು. ಸಾಕ್ಷ್ಯಕ್ಕೆಂದು ಮೂಲ ಪ್ರತಿಯನ್ನು ಸಂಘಟನೆಯ ಬಳಿ ಬೇರೆಯಾಗಿ ಕಾದಿಡಬೇಕು. ಮೂಲ ಚಿತ್ರದೊಳಗೆ ಅದನ್ನು ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳೂ ಅಡಗಿರಬಹುದು. ಅಪರೂಪದ ಸೀತಾಳೆ ದಂಡೆ ಎಲ್ಲಿ ಅರಳಿದೆಯೆಂದು ಕೀಳುವವರಿಗೆ ತಿಳಿಸಿಕೊಡದಂತೆ ಆ ವಿವರವನ್ನೂ ಅಳಿಸುವುದು ಒಳಿತು.

ಇನ್ನೊಂದು ಉಪಾಯವಿದೆ. ಎಲ್ಲ ಚಿತ್ರಗಳನ್ನೂ ಒಮ್ಮೆಗೇ ಇಳಿಸದೆ, ಓದುಗರು ಪುಟವನ್ನು ಸರಿಸುತ್ತ ಬಂದಂತೆ ಒಂದೊಂದಾಗಿ ಬರುವಂತೆ ಮಾಡಬಹುದು. ಇಂದಿನ ಪ್ರಮುಖ ಬ್ರೌಸರುಗಳಲ್ಲೆಲ್ಲ ಈ ಸೌಲಭ್ಯವಿದೆ. ಅದಕ್ಕೆ ಒಂದು ಪದದ ಸೂಚನೆ ಸಾಕು. ಆಗ ಮೊದಲಿಗೆ ಇಳಿಯುವುದು ಬರಹ ಮತ್ತು ಒಂದೆರಡು ಚಿತ್ರ ಮಾತ್ರ. ಹತ್ತು ನಿಮಿಷದ ಕೆಲಸ ಮೂರು ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ.

ಬರಹವನ್ನೇ ಚಿತ್ರವಾಗಿಸುವುದು ಇದಕ್ಕಿಂತ ದೊಡ್ಡ ದೋಷ. ಹಿಂದೆ ಓದುಗರ ಗಣಕದಲ್ಲಿ ಅದೇ ಅಕ್ಷರಶೈಲಿ ಇಲ್ಲದಿದ್ದರೆ ಕನ್ನಡ ಮೂಡುತ್ತಿರಲಿಲ್ಲ. ಆಗ ಚಿತ್ರವಾಗಿ ಹಾಕುವುದಕ್ಕೆ ಕಾರಣವಿತ್ತು. ಯೂನಿಕೋಡ್ ಬಳಕೆ ಹರಡಿದ ಮೇಲೆ ಆ ಕಾರಣ ಉಳಿದಿಲ್ಲ. ಆದರೂ ಮನವಿ, ಕರಪತ್ರ, ಆದೇಶಗಳನ್ನು ಸ್ಕ್ಯಾನ್ ಮಾಡಿ ಏರಿಸುವ ರೂಢಿ ನಿಂತಿಲ್ಲ. ಅಂಥ ಪುಟ ಭಾರ ಮಾತ್ರವಲ್ಲ, ಅದರಲ್ಲಿ ತನ್ನೂರಿನ ಹೆಸರನ್ನು ಹುಡುಕಲಾಗದು. ದೃಷ್ಟಿಯಿಲ್ಲದವರಿಗೆ ಅದನ್ನು ಓದಿ ಹೇಳುವ ತಂತ್ರಾಂಶಕ್ಕೂ ಅದು ದಕ್ಕದು.

ಇದು ಬರಿಯ ತಾಂತ್ರಿಕ ಚರ್ಚೆಯಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲಿಗೆ ಮುನ್ನ ಜನರಿಗೆ ಸಿಗುವುದು ಕನಿಷ್ಠ 30 ದಿನ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಕುರಿತು ಕೇಂದ್ರ ಸರ್ಕಾರ 2024ರ ಜುಲೈ 31ರಂದು ಹೊರಡಿಸಿದ ಕರಡಿಗೆ ಆಕ್ಷೇಪಣೆ ಸಲ್ಲಿಸಲು ಕೊಟ್ಟದ್ದು 60 ದಿನ. ಪುಟ ತೆರೆಯದೆ ಕಳೆದ ಪ್ರತಿ ದಿನವೂ ಈ ಅವಧಿಯಿಂದಲೇ ಕಳೆದುಹೋಗುತ್ತದೆ. 2020ರಲ್ಲಿ ಇಂಥದೇ ಇನ್ನೊಂದು ಕರಡನ್ನು ಜನಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ ಆದೇಶಿಸಬೇಕಾಯಿತು. ಭಾಷೆ ಒಂದು ಗೋಡೆಯಾದರೆ ಭಾರ ಇನ್ನೊಂದು ಗೋಡೆ. ಮೊದಲನೆಯದನ್ನು ಕೆಡವಲು ಹೋರಾಡುವವರು ಎರಡನೆಯದನ್ನು ತಮ್ಮ ಕೈಯಾರೆ ಕಟ್ಟಬಾರದು.

ಸರ್ಕಾರ ಮಾಹಿತಿಯನ್ನು ಬಚ್ಚಿಡುತ್ತದೆಂದು ದೂರುವ ಹಕ್ಕು ಸಂಘಟನೆಗಳಿಗಿದೆ. ಆ ಮಾತಿಗೆ ಬಲ ಬರಬೇಕಾದರೆ ಅವುಗಳ ಪುಟಗಳು ಮೊದಲು ತೆರೆದಿರಬೇಕು. ಪ್ರತಿ ಸಂಘಟನೆಯ ಕಾರ್ಯಕರ್ತರೂ ತಮ್ಮ ಜಾಲತಾಣವನ್ನು ಕಚೇರಿಯ ಗಣಕದಲ್ಲಲ್ಲ, ಸಂಕೇತ ಕ್ಷೀಣವಾಗಿರುವ ಊರಿನಲ್ಲಿ, ಅಗ್ಗದ ಮೊಬೈಲಿನಲ್ಲಿ ಒಮ್ಮೆ ತೆರೆದು ನೋಡಲಿ. ಕಾಲೇಜು ವಿದ್ಯಾರ್ಥಿಗಳು ಒಂದು ಭಾನುವಾರ ಕುಳಿತರೆ ನೂರಾರು ಚಿತ್ರಗಳನ್ನು ಹಗುರಗೊಳಿಸಬಲ್ಲರು. ಕಾಡಿನ ಪರ ಆಡಿದ ಮಾತು ಕಾಡಂಚಿನವರಿಗೂ, ಆ ಕಾಡಿನ ನೀರು ಕುಡಿಯುವ ಬಯಲಿನವರಿಗೂ ತಲುಪಿದಾಗಲೇ ಅದು ಚಳವಳಿಯೆನಿಸುತ್ತದೆ.