ಕಡಲಾಮೆ ಉಳಿಯಬೇಕಾದರೆ ಮೀನುಗಾರಿಕೆ ನಿಲ್ಲಬೇಕೆ?

‘ಆಮೆ ಮೊಟ್ಟೆಗಾಗಿ ಕಡಲತೀರವನ್ನೇ ಬಂದ್ ಮಾಡ್ತಾರಂತೆ’, ‘ಮೀನುಗಾರರಿಂದಲೇ ಕಡಲಾಮೆಗಳ ನಾಶ’. ಇಂಥ ಸಂದೇಶಗಳು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಎರಡೂ ಅರ್ಧ ಸತ್ಯವನ್ನಷ್ಟೇ ಹೇಳುತ್ತವೆ. ಉಳಿದರ್ಧ ಏನೆಂದು ನೋಡೋಣ.

ಆಮೆ ದಡಕ್ಕೆ ಬರುವುದು ಯಾವಾಗ?

ಆಲಿವ್ ರಿಡ್ಲೆ ಕಡಲಾಮೆಗಳು ಒಡಿಶಾದ ಗಹಿರ್ಮಾಥಾ, ಋಷಿಕುಲ್ಯ ತೀರಗಳಲ್ಲಿ ಲಕ್ಷಗಟ್ಟಲೆ ಸೇರಿ ಮೊಟ್ಟೆಯಿಡುತ್ತವೆ. ನಮ್ಮ ಕಾರವಾರ, ಹೊನ್ನಾವರ, ಕುಂದಾಪುರ, ಮಂಗಳೂರಿನ ಕಡೆ ಒಂಟಿಯಾಗಿ ಬರುತ್ತವೆ. ಒಂದು ಗೂಡಿನಲ್ಲಿ ಸುಮಾರು 100 ಮೊಟ್ಟೆ. 45ರಿಂದ 60 ದಿನಗಳಲ್ಲಿ ಮರಿ ಹೊರಬರುತ್ತದೆ.

ಇಲ್ಲಿ ಮೊಟ್ಟೆಯಿಡುವ ಕಾಲ ಮುಖ್ಯವಾಗಿ ಚಳಿಗಾಲ. ಮೀನುಗಾರಿಕೆ ಭರದಿಂದ ನಡೆಯುವುದೂ, ಪ್ರವಾಸಿಗರು ತುಂಬಿ ತುಳುಕುವುದೂ ಆಗಲೇ. ಸಮಸ್ಯೆಯ ಮೂಲ ಇಲ್ಲಿದೆ.

ಬಲೆಗೆ ಸಿಕ್ಕರೆ ಏನಾಗುತ್ತದೆ?

ಆಮೆ ನೀರಿನಲ್ಲೇ ಬದುಕಿದರೂ ಉಸಿರಾಡಲು ಮೇಲೆ ಬರಲೇಬೇಕು. ಟ್ರಾಲ್ ಬಲೆಯೊಳಗೆ ಹೆಚ್ಚು ಹೊತ್ತು ಸಿಕ್ಕಿಕೊಂಡರೆ ಉಸಿರುಗಟ್ಟಿ ಸಾಯುತ್ತದೆ. ಹಾಗೆಂದು ಮೀನುಗಾರರು ಆಮೆಯ ಶತ್ರುಗಳಲ್ಲ. ಕೂರ್ಮಾವತಾರವೆಂದು ಕೈಮುಗಿದು ಕಡಲಿಗೆ ಬಿಡುವವರೂ ಅವರಲ್ಲಿದ್ದಾರೆ. ಆದರೆ ಆಮೆ ಬಿಡಿಸಲು ಬಲೆ ಕತ್ತರಿಸಿದರೆ ನಷ್ಟ ಯಾರದು? ಮಹಾರಾಷ್ಟ್ರ 2018ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿತು. ಸಂರಕ್ಷಿತ ಜೀವಿಯನ್ನು ಬಿಡಿಸಲು ಬಲೆ ಕತ್ತರಿಸಿದವರಿಗೆ ₹25,000ದವರೆಗೆ ಪರಿಹಾರ ಕೊಡುವ ಯೋಜನೆ ತಂದಿತು.

ತಂತ್ರಜ್ಞಾನವೂ ಇದೆ. ಬಲೆಯೊಳಗೆ ಲೋಹದ ಸರಳುಗಳ ಚೌಕಟ್ಟು ಅಳವಡಿಸಿದರೆ ಸಿಗಡಿ, ಸಣ್ಣ ಮೀನು ಸರಳುಗಳ ನಡುವೆ ಹಿಂದಕ್ಕೆ ಹೋಗುತ್ತವೆ. ಆಮೆ ಚೌಕಟ್ಟಿಗೆ ತಾಗಿ ಕಿಂಡಿಯಿಂದ ಹೊರಬೀಳುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬೋಟ್‌ಗಳಿಗೆ ಹೊಂದುವ ಮಾದರಿಯನ್ನು ರೂಪಿಸಿದೆ. ಕಿಂಡಿಯಿಂದ ಮೀನೂ ಹೋಗುತ್ತದೆಂಬ ಆತಂಕದಿಂದ ಹಲವರು ಅದನ್ನು ಬಳಸುವುದಿಲ್ಲ. ಆದರೆ ಬಳಸದಿದ್ದರೂ ನಷ್ಟವಿದೆ: ಇದೇ ಕಾರಣಕ್ಕೆ 2019ರಲ್ಲಿ ಅಮೆರಿಕ ಭಾರತದ ಕಡಲಿನಲ್ಲಿ ಹಿಡಿದ ಸಿಗಡಿಯ ಆಮದನ್ನು ನಿಲ್ಲಿಸಿತು.

ತಪ್ಪು ಬಲೆಯದು ಮಾತ್ರವೇ?

ಅಲ್ಲ. ರಾತ್ರಿ ಹೊರಬರುವ ಮರಿಗಳು ಹೆಚ್ಚು ಬೆಳಕಿರುವ ಕಡೆಗೆ ಸಾಗುತ್ತವೆ. ಕತ್ತಲ ತೀರದಲ್ಲಿ ಆ ಬೆಳಕು ಕಡಲಿನದು. ರೆಸಾರ್ಟ್, ರಸ್ತೆ ದೀಪಗಳಿದ್ದರೆ ದಿಕ್ಕು ತಪ್ಪಿ ನಾಯಿ, ಕಾಗೆಗಳ ಪಾಲಾಗುತ್ತವೆ. ಮರಳ ಮೇಲೆ ಓಡಿಸುವ ವಾಹನ ಗೂಡನ್ನು ಜಜ್ಜುತ್ತದೆ. ಕಡಲ್ಕೊರೆತ ತಡೆಯಲು ಹಾಕಿದ ಕಲ್ಲಿನ ಗೋಡೆ ತಾಯಿ ಆಮೆಯ ದಾರಿಯನ್ನೇ ಮುಚ್ಚುತ್ತದೆ.

ಹಾಗಾದರೆ ಪರಿಹಾರ?

ಇಡೀ ಕರಾವಳಿಯನ್ನು ವರ್ಷಪೂರ್ತಿ ಮುಚ್ಚಬೇಕಿಲ್ಲ. ಮೀನುಗಳ ಸಂತಾನಕ್ಕಾಗಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟ್‌ಗಳು ದಡದಲ್ಲಿರುವುದು ನಮಗೆ ಹೊಸದಲ್ಲ. ಅದೇ ರೀತಿ ಗೂಡಿರುವ ತೀರದಲ್ಲಿ ಕೆಲವು ವಾರ ದೀಪ ಆರಿಸುವುದು, ಗೂಡಿಗೆ ಬೇಲಿ ಹಾಕುವುದು, ವಾಹನ ತಡೆಯುವುದು ಸಾಧ್ಯ.

ಗೂಡು ಕಂಡರೆ ಮುಟ್ಟಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಕಡಲಾಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಮೊಟ್ಟೆ ಕದಿಯುವುದು ಅಪರಾಧ. ಮರಿಗಳ ಮೇಲೆ ಟಾರ್ಚ್, ಫ್ಲ್ಯಾಶ್ ಬಿಡಬೇಡಿ.

ಇನ್ನು ‘ಆಮೆ ಬೇಕೋ, ಮೀನುಗಾರ ಬೇಕೋ’ ಎಂಬ ಫಾರ್ವರ್ಡ್ ಬಂದರೆ, ಹಂಚುವ ಮುನ್ನ ಎರಡು ಪ್ರಶ್ನೆ ಕೇಳಿ. ನಿರ್ಬಂಧ ಯಾವ ಜಾಗಕ್ಕೆ, ಎಷ್ಟು ದಿನಕ್ಕೆ? ಅದರ ನಷ್ಟ ಯಾರ ತಲೆಗೆ? ಎರಡನೆಯದಕ್ಕೆ ನ್ಯಾಯವಾದ ಉತ್ತರ ಸಿಗುವವರೆಗೆ ಆಮೆಯನ್ನು ಕಾಯುವ ಹೊರೆ ಬೋಟಿನಲ್ಲಿರುವವರ ಮೇಲೆಯೇ ಬೀಳುತ್ತದೆ.