ಕುವೈತ್‌ನಿಂದ – 9: ಅಳುವವರ ಬಾಯಿ ಮುಚ್ಚಿಸಬೇಡಿ

ನೈಟ್ ಡ್ಯೂಟಿ ಮುಗಿಸಿ ಬಂದು ಬರೆಯುತ್ತಿದ್ದೇನೆ, ಮಾತು ಸ್ವಲ್ಪ ಖಾರ ಆದರೆ ಹಿರಿಯರು ಕ್ಷಮಿಸಿ.

"ವಿಶ್ವಾಸಿಗಳು ದುಃಖಪಡಬಾರದು" ಅಂತ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ವಾರಕ್ಕೆ ಎರಡು ಸಲ ಬರುತ್ತದೆ, ಗುಲಾಬಿ ಹೂವಿನ ಚಿತ್ರದ ಜೊತೆ. ಸತ್ಯವೇದದಲ್ಲಿ ಇದು ಎಲ್ಲಿದೆ ತೋರಿಸಿ. ಥೆಸಲೊನೀಕದವರಿಗೆ ಪೌಲ ಬರೆದದ್ದು ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಅಂತ. ದುಃಖಿಸಲೇಬೇಡಿ ಅಂತ ಅಲ್ಲ. ನೀವು ಅರ್ಧ ವಾಕ್ಯ ಕತ್ತರಿಸಿಕೊಂಡಿದ್ದೀರಿ. ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಯಾವಾಗಲೂ ಸಂತೋಷಿಸಿ ಅನ್ನುವ ಅದೇ ಪೌಲ, 2ನೇ ಅಧ್ಯಾಯದಲ್ಲಿ ಎಪಫ್ರೊದೀತನ ಕಾಯಿಲೆ ನೆನೆದು, ಅವನು ಸತ್ತಿದ್ದರೆ ತನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಅನ್ನುತ್ತಾನೆ. ಇನ್ನು ಯೇಸು. ಲಾಜರನನ್ನು ಇನ್ನೇನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತ. ಆತನಿಗೆ ವಿಶ್ವಾಸ ಕಡಿಮೆ ಇತ್ತಾ?

2024ರ ಜೂನ್ 12ರ ಬೆಳಗಿನ ಜಾವ ಇಲ್ಲಿ ಮಂಗಾಫ್‌ನಲ್ಲಿ ಕೆಲಸಗಾರರ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ನಿಮಗೆಲ್ಲ ನೆನಪಿದೆ. ಎರಡು ದಿನ ಕಳೆದು ವಾಯುಪಡೆಯ ವಿಮಾನ 45 ದೇಹಗಳನ್ನು ಕೊಚ್ಚಿಗೆ ಒಯ್ಯಿತು. ಸುಮಾರು ಅರ್ಧ ಜನ ಕೇರಳದವರು, ನಮ್ಮ ಕಲಬುರಗಿ ಕಡೆಯವರೂ ಒಬ್ಬರು. ಆ ವಾರ ಒಂದು ಪ್ರಾರ್ಥನಾ ಕೂಟದಲ್ಲಿ, ಪರಿಚಯದವರನ್ನು ಕಳೆದುಕೊಂಡು ಅಳುತ್ತಿದ್ದ ನನ್ನ ಜೊತೆಯ ಸಿಸ್ಟರ್‌ಗೆ, ಅಳುವುದು ಅವಿಶ್ವಾಸ ಅಂದರು. ಅವಳು ಕಣ್ಣೊರೆಸಿಕೊಂಡಳು, ಮುಂದಿನ ಶುಕ್ರವಾರದಿಂದ ಕೂಟಕ್ಕೆ ಬರಲಿಲ್ಲ. ಯೋಬನ ಗೆಳೆಯರು ಏಳು ದಿನ ಬಾಯಿ ಬಿಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರಲ್ಲ, ಅಷ್ಟು ಹೊತ್ತು ಅವರು ಒಳ್ಳೆಯ ಗೆಳೆಯರೇ. ಬಾಯಿ ಬಿಟ್ಟ ಮೇಲೆ ಹಾಳಾದದ್ದು.

ವಾರ್ಡಿನಲ್ಲಿ ಮಾನಿಟರ್ ಹೊಡೆದುಕೊಂಡರೆ ಪೇಷೆಂಟ್ ಹತ್ತಿರ ಓಡುತ್ತೇವೆ. ಅಲಾರಂ ಬಂದ್ ಮಾಡಿದ ಮಾತ್ರಕ್ಕೆ ಪೇಷೆಂಟ್ ಹುಷಾರಾಗುವುದಿಲ್ಲ. ಹಾಗಂತ ಬಂದ ಭಾವನೆಗೆಲ್ಲ ಕುಣಿಯಿರಿ ಅಂತಲೂ ನಾನು ಹೇಳುತ್ತಿಲ್ಲ. ಕೋಪ ಬರಲಿ, ಆದರೆ ಹೊತ್ತು ಮುಳುಗುವ ಮುಂಚೆ ಇತ್ಯರ್ಥ ಆಗಲಿ ಅಂತಲೇ ಎಫೆಸದವರಿಗೆ ಬರೆದಿದೆ. (ಕೋಪದ ಬಗ್ಗೆ ಇನ್ನೊಂದು ದಿನ. ನಮ್ಮ ಮನೆತನಕ್ಕೆ ಒಂದು ಪೋಸ್ಟ್ ಸಾಲದು.)

ಈಗ ನಿಜವಾದ ವಿಷಯ. ನಮ್ಮೂರಲ್ಲಿ ಎಳೆ ಮಗುವಿನ ಒಬ್ಬ ತಾಯಿಗೆ ಡಾಕ್ಟರ್ ಡಿಪ್ರೆಶನ್‌ಗೆ ಮಾತ್ರೆ ಕೊಟ್ಟಿದ್ದರು. ಹತ್ತು ದಿನಕ್ಕೆ ಗುಣ ಕಾಣಲಿಲ್ಲ ಅಂತ ಬಿಡಿಸಿ, ಪ್ರಾರ್ಥನೆ ಒಂದೇ ಸಾಕು ಅಂದಿದ್ದಾರೆ. ಯಾರು ಅಂತ ಬರೆಯುವುದಿಲ್ಲ, ಗೊತ್ತಿದ್ದವರಿಗೆ ಗೊತ್ತು. ಆ ಮಾತ್ರೆ ಹಿಡಿಯುವುದಕ್ಕೇ ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ನಡುವೆ ಒಮ್ಮೆಲೇ ನಿಲ್ಲಿಸಬಾರದು. ಹೆರಿಗೆಯಾದ ಮೇಲೆ ಥೈರಾಯಿಡ್ ಏರುಪೇರಾದರೂ ಮನಸ್ಸು ಕುಗ್ಗುತ್ತದೆ, ಅದಕ್ಕೆ ರಕ್ತ ಪರೀಕ್ಷೆ ಇದೆ. ಬಿಡಿಸಿದವರು ತಾವು ಮಾತ್ರ ದಿನಾ ಬೆಳಿಗ್ಗೆ ಶುಗರ್ ಮಾತ್ರೆ ನುಂಗುತ್ತಾರೆ. ಅದಕ್ಕೇಕೆ ಪ್ರಾರ್ಥನೆ ಒಂದೇ ಸಾಕಾಗಲ್ಲ?

ಎಲೀಯ ಮರುಭೂಮಿಯಲ್ಲಿ ಸಾವು ಕೊಡು ಅಂತ ಕೇಳಿಕೊಂಡಾಗ ದೇವರು ಬೈಯಲಿಲ್ಲ. ನಿದ್ದೆ, ಬಿಸಿ ರೊಟ್ಟಿ, ನೀರು. ಮತ್ತೆ ನಿದ್ದೆ, ಮತ್ತೆ ಊಟ. ಮಾತುಕತೆ ನಡೆದದ್ದು ಆಮೇಲೆ, ಹೋರೇಬಿನಲ್ಲಿ.

ಅಮ್ಮಾ, ನೀನೂ ಚಿಕ್ಕಮ್ಮನೂ ಈ ವಾರ ಅವರ ಮನೆಗೆ ಹೋಗಿ. ಗಂಜಿ, ಚಟ್ನಿ ಏನಾದರೂ ಮಾಡಿಕೊಂಡು ಹೋಗಿ. ಮಗುವನ್ನು ಎತ್ತಿಕೊಂಡು ಎರಡು ಗಂಟೆ ಹೊರಗೆ ಕೂತಿರಿ, ಅವಳು ಮಲಗಲಿ. ಅತ್ತರೆ ಅಳಲಿ, ವಚನ ಹೇಳಬೇಡಿ. ಅವಳ ಗಂಡನಿಗೆ ಅದೇ ಡಾಕ್ಟರ್ ಹತ್ತಿರ ಮತ್ತೆ ಕರೆದುಕೊಂಡು ಹೋಗಲು ಹೇಳಿ. ರಾತ್ರಿ ಅವಳು ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಏನು ಮಾಡುವುದು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹೋಗಿ ಬಂದು ನನಗೆ ಮೆಸೇಜ್ ಹಾಕು, ನಾಳೆ ನನಗೆ ಆಫ್ ಇದೆ.