ಮನೆಯ ಮತ್ತೊಂದು ಮಗು

ಅಂಗವೈಕಲ್ಯವುಳ್ಳ ಮಗುವಿರುವ ಮನೆಗೆ ಬಂಧುಗಳು ಬಂದರೆ ಮೊದಲು ವಿಚಾರಿಸುವುದು ಆ ಮಗುವಿನ ಯೋಗಕ್ಷೇಮವನ್ನು. "ಈಗ ಹೇಗಿದ್ದಾನೆ? ತಾನಾಗಿ ಕೂರುತ್ತಾನೆಯೇ? ಯಾವ ಡಾಕ್ಟರಿಗೆ ತೋರಿಸುತ್ತಿದ್ದೀರಿ?" ಎಂದು ಕೇಳುತ್ತಾರೆ. ತಾಯಿಯ ಸೊರಗಿದ ಮುಖವನ್ನು ಕಂಡು ಮರುಗುತ್ತಾರೆ. ತಂದೆಯ ಸಾಲದ ಮಾತು ಕೇಳಿ ನಿಟ್ಟುಸಿರು ಬಿಡುತ್ತಾರೆ. ಅಷ್ಟರಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ತಟ್ಟೆಯಲ್ಲಿ ಕಾಫಿಯ ಲೋಟಗಳನ್ನಿಟ್ಟುಕೊಂಡು ಒಳಗಿನಿಂದ ಬರುತ್ತಾಳೆ. "ಇವಳು ಜಾಣೆ, ಎಲ್ಲವನ್ನೂ ಅರ್ಥಮಾಡಿಕೊಳ್ಳುತ್ತಾಳೆ" ಎಂದು ತಾಯಿ ಹೇಳುತ್ತಾಳೆ. ಬಂದವರು ತಲೆದೂಗುತ್ತಾರೆ. ಹುಡುಗಿ ಬರಿದಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಾಳೆ. ಅವಳು ಹೇಗಿದ್ದಾಳೆಂದು ಕೇಳುವ ನೆನಪು ಯಾರಿಗೂ ಆಗುವುದಿಲ್ಲ.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಸುಮಾರು 2.68 ಕೋಟಿ ಮಂದಿ ವಿಕಲಚೇತನರಿದ್ದರು. ಕರ್ನಾಟಕದಲ್ಲಿ ಅವರ ಸಂಖ್ಯೆ 13 ಲಕ್ಷವನ್ನು ಮೀರಿತ್ತು. 1995ರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿದ್ದರೆ, 2016ರ ಕಾಯಿದೆ ಇಪ್ಪತ್ತೊಂದನ್ನು ಗುರುತಿಸಿತು. ಶಿಕ್ಷಣ, ಉದ್ಯೋಗ, ಸಂಚಾರ ಮೊದಲಾದ ವಿಷಯಗಳಲ್ಲಿ ಇವರ ಹಕ್ಕುಗಳು ಶಾಸನದ ಮಾತಾದುವು. ಆಗಬೇಕಾದುದೇ ಅದು. ಆದರೆ ಇವರ ಅಣ್ಣ, ಅಕ್ಕ, ತಮ್ಮ, ತಂಗಿಯರಿಗೆ ಜನಗಣತಿಯ ನಮೂನೆಯಲ್ಲಿ ಅಂಕಣವಿಲ್ಲ. ಅಲ್ಲಿ ಇರಬೇಕೆಂದೂ ಇಲ್ಲ. ಮನೆಯ ಹಿರಿಯರ ಗಮನದಲ್ಲಿ ಇದ್ದರೆ ಸಾಕು.

ಅಂಥ ಮನೆಯೊಂದನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ತಾಲ್ಲೂಕು ಕೇಂದ್ರದ ಊರು. ತಂದೆಗೆ ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮಗಳು ಎಂಟನೆಯ ತರಗತಿಯಲ್ಲಿದ್ದಾಳೆ. ಅವಳಿಗಿಂತ ಐದು ವರ್ಷ ಚಿಕ್ಕವನಾದ ತಮ್ಮನಿಗೆ ಸೆರೆಬ್ರಲ್ ಪಾಲ್ಸಿ. ಬೆಳೆಯುತ್ತಿರುವ ಮಿದುಳಿಗೆ ಹುಟ್ಟುವ ಮೊದಲೋ, ಹುಟ್ಟುವಾಗಲೋ, ಹುಟ್ಟಿದ ಬಳಿಕ ಎಳೆತನದಲ್ಲೋ ಒದಗುವ ಆಘಾತದಿಂದ ಬರುವ ಸ್ಥಿತಿ ಇದು. ಅವಯವಗಳು ಬಿಗಿದುಕೊಳ್ಳುತ್ತವೆ, ನಡೆಯುವುದು, ನುಡಿಯುವುದು, ಕೆಲವರಿಗೆ ನುಂಗುವುದು ಕೂಡ ಪ್ರಯಾಸವಾಗುತ್ತದೆ. ಹೀಗಿದ್ದರೂ ಅನೇಕರಲ್ಲಿ ಬುದ್ಧಿ ಚುರುಕಾಗಿಯೇ ಇರುತ್ತದೆ. ಬೆಳಗಾದರೆ ತಾಯಿ ಹುಡುಗನ ಕಾಲುಗಳನ್ನು ಮಡಿಸಿ ನೀಡಿ ವ್ಯಾಯಾಮ ಮಾಡಿಸಬೇಕು; ನೆತ್ತಿಗೆ ಹತ್ತದಂತೆ ತಲೆಯನ್ನು ಎತ್ತಿ ಹಿಡಿದು ರಾಗಿಯ ಗಂಜಿಯನ್ನು ಚಮಚ ಚಮಚವಾಗಿ ಕುಡಿಸಬೇಕು. ಒಂದು ಲೋಟ ಗಂಜಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಮಗಳು ತನ್ನ ಜಡೆಯನ್ನು ತಾನೇ ಹೆಣೆದುಕೊಂಡು, ಡಬ್ಬಿಗೆ ಮೊಸರನ್ನ ಕಲಸಿಕೊಂಡು ಶಾಲೆಗೆ ಹೊರಟಿರುತ್ತಾಳೆ. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ. ಆಕೆಗಿರುವುದು ಎರಡೇ ಕೈ.

ತೊಡಕು ಇರುವುದು "ಜಾಣೆ" ಎಂಬ ಆ ಬಿರುದಿನಲ್ಲಿ. ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ಹುಡುಗಿಗೆ ಒಂದು ಪಾತ್ರ ಸಿಕ್ಕಿದೆ. ಅದೇ ದಿನ ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ತಮ್ಮನನ್ನು ತೋರಿಸಬೇಕಾಗಿದೆ. "ನೀನು ಜಾಣೆಯಲ್ಲವೇ ಪುಟ್ಟಿ? ಮುಂದಿನ ವರ್ಷ ಖಂಡಿತ ಬರುತ್ತೇವೆ" ಎಂದು ತಾಯಿ ತಲೆ ನೇವರಿಸುತ್ತಾಳೆ. ಮಗಳು ಹೂಂಗುಟ್ಟುತ್ತಾಳೆ. ಅವಳು ಬೇರೇನು ಹೇಳಬಲ್ಲಳು? ಒಲ್ಲೆನೆಂದರೆ ಜಾಣತನ ಹೋಯಿತು. ಆ ಮನೆಯಲ್ಲಿ ಅವಳದೆಂದು ಇರುವ ಆಸ್ತಿ ಅದೊಂದೇ. ಮುಂದೆ ಹೊಟ್ಟೆನೋವು ಬಂದರೂ ಹೇಳುವುದಿಲ್ಲ, ಗಣಿತದಲ್ಲಿ ಅಂಕಗಳು ಇಳಿದರೂ ಹೇಳುವುದಿಲ್ಲ. ಬೈಗುಳಕ್ಕಾದರೆ ಮಗು ಎದುರು ಮಾತಾಡಬಹುದು; ಹೊಗಳಿಕೆಗೆ ಏನೆಂದು ಎದುರಾಡೀತು? ಹೊರಗಿನವರು ಇದನ್ನೇ ತ್ಯಾಗವೆಂದು ಕೊಂಡಾಡುತ್ತಾರೆ. ತನ್ನದಾದುದನ್ನು ತಿಳಿದು, ಮನಸಾರೆ ಬಿಟ್ಟುಕೊಡುವುದು ತ್ಯಾಗ. ಕೇಳುವ ಮೊದಲೇ ಕೈಯಿಂದ ಜಾರಿಹೋದುದಕ್ಕೆ ಆ ಹೆಸರು ಸಲ್ಲದು.

ಇಂಥ ಮಕ್ಕಳಿಗೆ ಮೊದಲು ಬೇಕಾದುದು ನಿಜಸಂಗತಿ. ತಮ್ಮನಿಗೆ ಏನಾಗಿದೆಯೆಂದು ಅಕ್ಕನನ್ನು ಕೂರಿಸಿಕೊಂಡು ಹೇಳಿದವರು ಸಾಮಾನ್ಯವಾಗಿ ಇರುವುದಿಲ್ಲ. ಹಿರಿಯರು ಪಿಸುಗುಟ್ಟಿದುದು ಮಾತ್ರ ಕಿವಿಗೆ ಬೀಳುತ್ತದೆ. ಒಬ್ಬರು ಪೂರ್ವಜನ್ಮದ ಕರ್ಮವೆನ್ನುತ್ತಾರೆ. ಇನ್ನೊಬ್ಬರು ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದುದರ ಫಲವೆನ್ನುತ್ತಾರೆ. ಉಳಿದುದನ್ನು ಮಗುವಿನ ಕಲ್ಪನೆಯೇ ತುಂಬಿಕೊಳ್ಳುತ್ತದೆ. ಮನೆಯಲ್ಲಿ ನಡೆದ ಕೇಡಿಗೆ ತಾವೇ ಕಾರಣವೆಂದು ಎಳೆಯ ಮಕ್ಕಳು ಬಗೆಯುವುದುಂಟು. ಇದು ಮನಶ್ಶಾಸ್ತ್ರ ಬಲ್ಲವರೆಲ್ಲ ಕಂಡ ಸಂಗತಿ. ತಮ್ಮ ಹೊಟ್ಟೆಯಲ್ಲಿದ್ದಾಗ ಅಮ್ಮನ ಮೇಲೆ ಕಾಲು ಹಾಕಿ ಮಲಗಿದ್ದು ನೆನಪಾಗಿ, ಅವನ ಕಾಲು ಹೀಗಾದುದು ತನ್ನಿಂದಲೇ ಎಂದು ಒಂದು ಮಗು ವರ್ಷಗಟ್ಟಲೆ ಒಳಗೊಳಗೇ ಬೇಯಬಹುದು. ಇದು ಅಂಟುವ ರೋಗವೋ, ತನಗೂ ಬಂದೀತೋ ಎಂದು ಮತ್ತೊಂದು ಮಗು ಹೆದರಬಹುದು. ತಾನು ಓಡಬಲ್ಲೆ, ಅವನು ಓಡಲಾರ ಎಂಬುದೇ ಕೆಲವರಿಗೆ ಅಪರಾಧದಂತೆ ತೋರುತ್ತದೆ. ಮಹಾಭಾರತದಲ್ಲಿ ಹುಟ್ಟುಕುರುಡನಾದ ಧೃತರಾಷ್ಟ್ರನಿಗೆ ಪಟ್ಟ ತಪ್ಪಿ ತಮ್ಮನಾದ ಪಾಂಡುವಿಗೆ ಬಂದಿತು. ಧೃತರಾಷ್ಟ್ರನ ಅಳಲನ್ನು ಎಲ್ಲರೂ ಬಲ್ಲರು. ಅಣ್ಣನಿಗೆ ತಪ್ಪಿದ ಪೀಠವನ್ನು ಏರಿದ ತಮ್ಮನ ಮನಸ್ಸಿನಲ್ಲಿ ಏನಿತ್ತೆಂದು ಕೇಳಿದವರು ವಿರಳ.

ನಿಜವನ್ನು ಹೇಳಲು ವೈದ್ಯಶಾಸ್ತ್ರದ ಪಾಂಡಿತ್ಯ ಬೇಕಾಗಿಲ್ಲ. "ತಮ್ಮನ ಮಿದುಳು ಕಾಲಿಗೆ ಹೇಳುವ ಮಾತು ಕಾಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಅದು ಯಾರ ತಪ್ಪೂ ಅಲ್ಲ. ನಿನಗೆ ಅಂಟುವುದೂ ಇಲ್ಲ." ಐದು ವರ್ಷದ ಮಗುವಿಗೆ ಇಷ್ಟು ಸಾಕು. ಬೆಳೆದಂತೆ ಪ್ರಶ್ನೆಗಳೂ ಬೆಳೆಯುತ್ತವೆ, ಉತ್ತರಗಳೂ ಬೆಳೆಯಬೇಕು. ಒಮ್ಮೆ ಆಸ್ಪತ್ರೆಗೆ ಅವಳನ್ನೂ ಕರೆದೊಯ್ದು, ಕೇಳಬೇಕೆನಿಸಿದುದನ್ನು ವೈದ್ಯರನ್ನೇ ಕೇಳು ಎಂದರೆ ಎಷ್ಟೋ ದಿನದ ಕತ್ತಲೆ ಅರ್ಧ ಗಂಟೆಯಲ್ಲಿ ಕಳೆದೀತು.

ಮುಚ್ಚಿಡುವುದು ಬಡವರ, ಓದುಬರಹವಿಲ್ಲದವರ ರೂಢಿಯೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನೆಡಿಯವರ ತಂಗಿ ರೋಸ್‌ಮೇರಿಯವರ ಬುದ್ಧಿಯ ಬೆಳವಣಿಗೆ ಎಳವೆಯಿಂದಲೇ ಹಿಂದುಳಿದಿತ್ತು. 1941ರಲ್ಲಿ, ಅವರಿಗೆ 23 ವರ್ಷವಾಗಿದ್ದಾಗ, ತಂದೆ ಮಾಡಿಸಿದ ಮಿದುಳಿನ ಶಸ್ತ್ರಚಿಕಿತ್ಸೆ ಇದ್ದ ಶಕ್ತಿಯನ್ನೂ ಕಸಿದುಕೊಂಡಿತು. ಅವರನ್ನು ಮನೆಯಿಂದ ದೂರದ ಸಂಸ್ಥೆಯೊಂದರಲ್ಲಿ ಇರಿಸಿ, ಸಂಗತಿಯನ್ನು ಬಹುಕಾಲ ಲೋಕದಿಂದ ಮರೆಮಾಚಲಾಯಿತು. ಸಿರಿವಂತರ ಮನೆಯ ಆ ಮೌನವನ್ನು ಮುರಿದವರು ತಂಗಿ ಯೂನಿಸ್. 1962ರಲ್ಲಿ ಅವರು ಅಕ್ಕನ ವಿಷಯವನ್ನು ಪತ್ರಿಕೆಯೊಂದರಲ್ಲಿ ಬಹಿರಂಗವಾಗಿ ಬರೆದರು; ಆ ವರ್ಷವೇ ತಮ್ಮ ಮನೆಯ ಆವರಣದಲ್ಲಿ ಇಂಥ ಮಕ್ಕಳಿಗಾಗಿ ಆಟದ ಶಿಬಿರವನ್ನು ನಡೆಸಿದರು. ಆ ಕೆಲಸವೇ ಬೆಳೆದು 1968ರಲ್ಲಿ ಷಿಕಾಗೋ ನಗರದಲ್ಲಿ ಮೊದಲ ವಿಶೇಷ ಒಲಿಂಪಿಕ್ಸ್ ಕ್ರೀಡಾಕೂಟವಾಯಿತು. ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ಒಂದು ಎಚ್ಚರ ಬೇಕು. ಒಡಹುಟ್ಟಿದವರೆಲ್ಲ ಯೂನಿಸ್ ಆಗಲೆಂದು ಬಯಸಿದರೆ, "ಜಾಣೆ" ಎಂಬ ಹೊರೆಯ ಮೇಲೆ ಇನ್ನೊಂದು ಹೊರೆಯನ್ನು ಹೇರಿದಂತಾಗುತ್ತದೆ.

ನಿಜದ ಅನಂತರ ಬೇಕಾದುದು ನ್ಯಾಯ. ತಮ್ಮ ಅಕ್ಕನ ನೋಟುಪುಸ್ತಕದ ಹಾಳೆಯನ್ನು ಹರಿಯುತ್ತಾನೆ. ಅವಳು ಕೂಗಿಕೊಂಡರೆ, "ಪಾಪ, ಅವನಿಗೇನು ತಿಳಿಯುತ್ತದೆ? ದೊಡ್ಡವಳು ನೀನೇ ಸುಮ್ಮನಿರು" ಎಂದು ಅವಳಿಗೇ ಗದರಿಕೆ ಸಿಗುತ್ತದೆ. ಅವನಿಗೆ ಚೆನ್ನಾಗಿ ತಿಳಿಯುತ್ತದೆ. ಹಾಳೆ ಹರಿದು ಅಕ್ಕನ ಮುಖ ನೋಡಿ ನಗುವುದೇ ಅದಕ್ಕೆ ಸಾಕ್ಷಿ. ಎಲ್ಲ ತಮ್ಮಂದಿರಂತೆ ಅವನೂ ತುಂಟ. ತಪ್ಪು ಮಾಡಿದಾಗ ಅವನ ಅಳವಿಗೆ ತಕ್ಕಂತೆ ಅವನನ್ನೂ ಗದರಿದರೆ ಇಬ್ಬರಿಗೂ ಉಪಕಾರ. ಅಕ್ಕನಿಗೆ ಈ ಮನೆಯಲ್ಲಿ ತನ್ನ ಅಹವಾಲೂ ನಡೆಯುತ್ತದೆ ಎನ್ನಿಸುತ್ತದೆ. ತಮ್ಮನು ಕನಿಕರದ ಗೊಂಬೆಯಾಗದೆ ಮನೆಯ ಮಗನಾಗುತ್ತಾನೆ. ಒಮ್ಮೊಮ್ಮೆ ಅವಳಿಗೆ ಅವನ ಮೇಲೆ ಸಿಟ್ಟು ಬರುವುದು, "ಇವನು ಇಲ್ಲದಿದ್ದರೆ" ಎಂಬ ಯೋಚನೆ ಸುಳಿಯುವುದು ಪಾಪವಲ್ಲ. ಅಂಥ ಯೋಚನೆ ಬಂತೆಂದು ಹೇಳಿಕೊಳ್ಳಲು ಒಂದು ಕಿವಿ ಬೇಕು, ಅಷ್ಟೆ. ಸಿಟ್ಟೂ ಪ್ರೀತಿಯೂ ಒಂದೇ ಮನೆಯಲ್ಲಿ ವಾಸಮಾಡಬಲ್ಲವು. ತಮ್ಮನ ತೊದಲು ನುಡಿ ತಂದೆಗೂ ತಿಳಿಯದೆ ಹೋದಾಗ, "ನೀರಲ್ಲ ಅಪ್ಪ, ಕಿಟಕಿ ತೆಗೆ ಅನ್ನುತ್ತಿದ್ದಾನೆ" ಎಂದು ಬಿಡಿಸಿ ಹೇಳುವವಳು ಇದೇ ಅಕ್ಕ. ಆ ವಿದ್ಯೆಯನ್ನು ಅವಳಿಗೆ ಯಾರೂ ಕಲಿಸಿದುದಲ್ಲ.

ಕೆಲವು ಮನೆಗಳಲ್ಲಿ ತಾಯಿಯೇ ದೂರವಾಗಬೇಕಾಗುತ್ತದೆ. ಕಿವಿ ಕೇಳಿಸದ ಮಗುವಿಗೆ ಎಳವೆಯಲ್ಲೇ ಶ್ರವಣಯಂತ್ರ ತೊಡಿಸಿ ಮಾತಿನ ತರಬೇತಿ ಕೊಟ್ಟರೆ ಫಲ ಹೆಚ್ಚು. 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾದುದು ಮೈಸೂರಿನಲ್ಲಿ. ಇಂಥ ತರಬೇತಿಗಾಗಿ ದೂರದ ಊರುಗಳ ತಾಯಂದಿರು ಮಗುವಿನೊಡನೆ ಅಲ್ಲಿಗೆ ಬಂದು ಬಾಡಿಗೆಯ ಕೋಣೆ ಹಿಡಿದು ನಿಲ್ಲುವುದುಂಟು. ಒಂದೊಂದು ಶಬ್ದವನ್ನೂ ನೂರು ಸಲ ಹೇಳಿ ಕಲಿಸುವ ತಪಸ್ಸು ಅದು. ಅತ್ತ ಊರಿನಲ್ಲಿ ಅಜ್ಜಿಯ ಬಳಿ ಉಳಿದ ಅಣ್ಣನಿಗೆ ಅಮ್ಮನೆಂದರೆ ರಾತ್ರಿ ಎಂಟು ಗಂಟೆಯ ಫೋನು. "ತಂಗಿ ಇವತ್ತು ಅಮ್ಮ ಎಂದಳು ಕಣೋ" ಎಂಬ ಸುದ್ದಿಗೆ ಅವನೂ ಹಿಗ್ಗುತ್ತಾನೆ. ತಾನು ಹಾಗೆ ಎದುರಿಗೆ ನಿಂತು ಕರೆದು ಎಷ್ಟು ದಿನವಾಯಿತೆಂದು ಹೇಳುವುದಿಲ್ಲ. ದಸರೆಯ ರಜೆಯಲ್ಲಿ ಅವನನ್ನು ಮೈಸೂರಿಗೆ ಕರೆಸಿಕೊಂಡು, ತಂಗಿಗೆ ಪದ ಕಲಿಸುವ ಆಟದಲ್ಲಿ ಕೂರಿಸಿಕೊಳ್ಳಬಹುದು. ಒಂದು ಸಂಜೆ ತಾಯಿ ಅವನೊಬ್ಬನನ್ನೇ ಕರೆದುಕೊಂಡು ದೀಪಾಲಂಕಾರ ನೋಡಲು ಹೋಗಬಹುದು. ಆ ಸಂಜೆ ಯಂತ್ರದ ಮಾತಾಗಲಿ ತರಬೇತಿಯ ಮಾತಾಗಲಿ ಬೇಡ.

ಹಿಂದಿನ ಅವಿಭಕ್ತ ಕುಟುಂಬಗಳಲ್ಲಿ ಈ ತೊಂದರೆ ಇರಲಿಲ್ಲವೆಂದು ಹೇಳುವವರಿದ್ದಾರೆ. ಎತ್ತಿ ಆಡಿಸಲು ಆಗ ಕೈಗಳು ಹೆಚ್ಚಾಗಿದ್ದುದು ನಿಜ. ಆದರೆ ಎಷ್ಟೋ ಮನೆಗಳಲ್ಲಿ ಅಂಥ ಮಗು ನಡುಮನೆಯ ಕತ್ತಲಲ್ಲೇ ಬೆಳೆಯಿತು. ಅದರ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ದುಡಿಮೆಯನ್ನು ಹಂಚಿಕೊಂಡಷ್ಟು ಸುಲಭವಾಗಿ ದುಃಖವನ್ನು ಹಂಚಿಕೊಂಡರೆಂದು ಹೇಳಲಾಗದು.

ಮನೆಗೆಲಸದಲ್ಲಿ ಅಕ್ಕನೋ ಅಣ್ಣನೋ ನೆರವಾಗುವುದು ಸರಿಯೇ. ಎಲ್ಲ ಮನೆಗಳಲ್ಲೂ ಮಕ್ಕಳು ಕೈಗೂಡಿಸುತ್ತಾರೆ. ಆದರೆ ನೆರವು ಬೇರೆ, ಎರಡನೆಯ ತಾಯಿಯಾಗುವುದು ಬೇರೆ. ಈ ಎರಡನೆಯ ಪಾತ್ರ ಹುಡುಗರಿಗಿಂತ ಹುಡುಗಿಯರ ಪಾಲಿಗೇ ಬರುವುದನ್ನು ಕಾಣದೆ ಇರುವುದು ಸಾಧ್ಯವಿಲ್ಲ. ಅದಕ್ಕೂ ಭಾರವಾದುದು, "ನಮ್ಮ ಕಾಲದ ನಂತರ ಇವನಿಗೆ ನೀನೇ ದಿಕ್ಕು" ಎಂಬ ಮಾತು. ತಂದೆತಾಯಿಗಳ ಎದೆಯ ಭಯ ಅದು. ಅದನ್ನು ಹಗುರವಾಗಿ ಕಾಣಲಾಗದು. ಹಾಗೆಂದು ಹತ್ತು ವರ್ಷದ ಮಗುವಿನಿಂದ ಮಾತು ತೆಗೆದುಕೊಂಡರೆ ಆ ಭಯ ಒಬ್ಬರ ಎದೆಯಿಂದ ಇನ್ನೊಬ್ಬರ ಎದೆಗೆ ದಾಟುತ್ತದೆಯೇ ಹೊರತು ಕರಗುವುದಿಲ್ಲ. ದೊಡ್ಡವರು ಮಾಡಬಹುದಾದ ಕೆಲಸ ಬೇರೆ ಇದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಹಾಗೂ ಬಹುವಿಧ ವೈಕಲ್ಯವುಳ್ಳವರಿಗೆ ಪಾಲಕರನ್ನು ನೇಮಿಸುವ ವ್ಯವಸ್ಥೆಯನ್ನು ಕಲ್ಪಿಸಿದೆ. ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿ ಅರ್ಜಿಗಳನ್ನು ವಿಚಾರಿಸುತ್ತದೆ. ಉಳಿತಾಯವೆಷ್ಟು, ಮನೆ ಯಾರಿಗೆ, ನೋಡಿಕೊಳ್ಳುವವರು ಯಾರು ಎಂಬುದನ್ನು ಹಿರಿಯರು ಕಾಗದದ ಮೇಲೆ ಬರೆದಿಡಬಹುದು. ಮಗಳು ದೊಡ್ಡವಳಾದ ಮೇಲೆ ತಾನಾಗಿ ಮುಂದೆ ಬಂದರೆ ಅದು ಅವಳ ಒಲವು. ಬಹುಮಟ್ಟಿಗೆ ಬಂದೇ ಬರುತ್ತಾಳೆ.

ಶಾಲೆಗೂ ಇದರಲ್ಲಿ ಪಾಲಿದೆ. 1982ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಡಾನ್ ಮೆಯರ್ ಎಂಬವರು ಇಂಥ ಅಣ್ಣ, ಅಕ್ಕ, ತಮ್ಮ, ತಂಗಿಯರನ್ನೇ ಕಲೆಹಾಕಿ, ಆಟವಾಡಿಸುತ್ತ ನಡುನಡುವೆ ಮನಸ್ಸು ಬಿಚ್ಚಿ ಮಾತಾಡಗೊಡುವ ಕೂಟಗಳನ್ನು ಪ್ರಾರಂಭಿಸಿದರು. 'ಸಿಬ್‌ಷಾಪ್' ಎಂಬ ಹೆಸರಿನ ಆ ಕೂಟಗಳು ಹಲವು ದೇಶಗಳಿಗೆ ಹಬ್ಬಿವೆ. ಊರಿನ ಪ್ರೌಢಶಾಲೆಯಲ್ಲಿ ಅಷ್ಟೆಲ್ಲ ಏರ್ಪಾಡು ಆಗಲಾರದು. ಆದರೆ ತನ್ನ ಮನೆಯಂಥ ಮನೆ ಇನ್ನೊಂದಿದೆಯೆಂದು ಅರಿಯುವುದೇ ಒಂದು ಸಮಾಧಾನ. ಅಂಥ ಇಬ್ಬರು ವಿದ್ಯಾರ್ಥಿಗಳನ್ನು ಬಲ್ಲ ಉಪಾಧ್ಯಾಯರು ಅವರನ್ನು ಒಂದು ಕೆಲಸದಲ್ಲಿ ಜೊತೆಗೂಡಿಸಿದರೆ ಸಾಕು. ತರಗತಿಯಲ್ಲಿ ಎದ್ದು ನಿಲ್ಲಿಸಿ ಎಲ್ಲರೆದುರು ಹೊಗಳುವುದು ಮಾತ್ರ ಬೇಡ.

ಸಹಪಾಠಿಗಳು ಮಾಡಬಲ್ಲುದು ಇದಕ್ಕಿಂತ ಹೆಚ್ಚು. ಆ ಹುಡುಗಿ ಆರನೆಯ ತರಗತಿಯಲ್ಲಿದ್ದಾಗ ಯಾರೋ ಅವಳ ತಮ್ಮನ ನಡಿಗೆಯನ್ನು ಅಣಕಿಸಿದ್ದರು. ಅಂದಿನಿಂದ ಅವಳು ಗೆಳತಿಯರನ್ನು ಮನೆಗೆ ಕರೆಯುತ್ತಿರಲಿಲ್ಲ. ಹೊಸದಾಗಿ ಸೇರಿದ ಒಬ್ಬಳಿಗೆ ತನಗೆ ತಮ್ಮನೇ ಇಲ್ಲವೆಂದೂ ಹೇಳಿದ್ದಳು. ಆ ಹೊಸಬಳೇ ಒಂದು ಭಾನುವಾರ, ಇನ್ನಿಬ್ಬರ ಜೊತೆಗೆ, ಕರೆಯದೆಯೇ ಬಂದಳು. ಅಂಗಳದಲ್ಲಿ ಕುಂಟೆಬಿಲ್ಲೆಯ ಗೆರೆ ಎಳೆದರು. ಜಗುಲಿಯಲ್ಲಿ ದಿಂಬಿಗೆ ಒರಗಿ ಕುಳಿತಿದ್ದ ಹುಡುಗನನ್ನು, "ಲೆಕ್ಕ ನೀನು ಇಟ್ಟುಕೊಳ್ಳುತ್ತೀಯಾ?" ಎಂದು ಅವಳು ಕೇಳಿದಳು. ಅವನ ಮುಂದೆ ತಟ್ಟೆಯಲ್ಲಿ ಹುಣಸೆಬೀಜಗಳನ್ನು ಹರಡಿದರು. ಯಾರಾದರೂ ಮನೆ ಗೆದ್ದಾಗಲೆಲ್ಲ ಅವನು ಬಿಗಿದ ಬೆರಳಿನಿಂದ ಒಂದೊಂದೇ ಬೀಜವನ್ನು ಪಕ್ಕಕ್ಕೆ ತಳ್ಳುತ್ತ ಬಂದ. ಅಕ್ಕನ ಸರದಿ ಬಂತು. ಅವಳು ಕುಂಟುತ್ತ ಕೊನೆಯ ಮನೆಯನ್ನು ದಾಟುವಷ್ಟರಲ್ಲಿ ಅವನು ಗಟ್ಟಿಯಾಗಿ ಏನೋ ಕೂಗಿದ. "ಏನಂತೆ?" ಎಂದು ಗೆಳತಿಯರು ಕೇಳಿದರು. ಅವನ ಮಾತು ಅಲ್ಲಿ ತಿಳಿಯುತ್ತಿದ್ದುದು ಅವಳೊಬ್ಬಳಿಗೇ. ಅವಳು ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ಮುಖ ಊದಿಸಿಕೊಂಡು, "ನಾನು ಗೆರೆ ತುಳಿದೆನಂತೆ. ಸುಳ್ಳು ಹೇಳುತ್ತಾನೆ!" ಎಂದಳು. ತುಳಿದದ್ದನ್ನು ಎಲ್ಲರೂ ನೋಡಿದ್ದರು. ಅಕ್ಕ ತಮ್ಮಂದಿರ ಆ ಜಗಳ ರಾತ್ರಿಯ ಊಟದವರೆಗೂ ನಡೆಯಿತು.